ಗ್ರೀನಕ್‌ನ ಮದರ್ ಕ್ಲಬ್ ಮತ್ತು 12 ಪೌಂಡಿನ ಕೊಡೆ

ನಮಸ್ಕಾರ. ಈ ಸಲ ಮಾತು ಮನೆಯಲ್ಲಿ ಕೂತು ರೆಕಾರ್ಡ್ ಮಾಡಿದ್ದು. ಸ್ಕಾಟ್ಲೆಂಡಿನ ಗ್ರೀನಕ್‌ನಲ್ಲಿ ರೈಲು ಇಳಿದು ಹತ್ತು ನಿಮಿಷ ಆಗಿರಲಿಲ್ಲ, ಮೈಕ್ ಪೂರ್ತಿ ನೆನೆದುಹೋಯಿತು. ಚಿತ್ರ ಮಾತ್ರ ಉಳಿದಿದೆ. ಅದನ್ನೇ ನೋಡುತ್ತಾ ಹೋಗೋಣ. ಕಿಟಕಿಯಾಚೆ ಬೂದಿ ಬಣ್ಣದಲ್ಲಿ ಕಾಣುತ್ತಿರುವುದು ಕ್ಲೈಡ್ ನದಿ. ಗ್ಲಾಸ್ಗೋದಿಂದ ಹೆಚ್ಚುಕಡಿಮೆ ಮುಕ್ಕಾಲು ಗಂಟೆಯ ದಾರಿ.

ನಾನು ಬಂದಿದ್ದು ಒಂದು ಕ್ಲಬ್‌ನ ಕಥೆ ಹುಡುಕಿಕೊಂಡು. ಕವಿ ರಾಬರ್ಟ್ ಬರ್ನ್ಸ್ ಹೆಸರಿನಲ್ಲಿ ಈ ದೇಶದ ಊರೂರಲ್ಲೂ ಕ್ಲಬ್ ಇವೆ. ಇವತ್ತಿಗೂ ನಡೆಯುತ್ತಿರುವ ಕ್ಲಬ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದು ಈ ಗ್ರೀನಕ್‌ನದು. 1801ರಲ್ಲಿ ಶುರುವಾಯಿತು. ಅದಕ್ಕೇ ಇದನ್ನು ಎಲ್ಲರೂ ಮದರ್ ಕ್ಲಬ್ ಅನ್ನುತ್ತಾರೆ. ಬರ್ನ್ಸ್ ತೀರಿಕೊಂಡು ಆಗ ಐದೇ ವರ್ಷ. ಪಾಪ, 37ಕ್ಕೇ ಹೋಗಿಬಿಟ್ಟ. ನಮಗೂ ಅವನು ಹೊಸಬನಲ್ಲ, ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ ಓದಿದವರಿಗೆ ಗೊತ್ತಿರುತ್ತದೆ.

ಹಾಂ, ಈಗ ಕೊಡೆ ಬಂತು. ನೋಡಿ ಇದನ್ನು. ಸ್ಟೇಷನ್ ಹತ್ತಿರದ ಒಂದು ಅಂಗಡಿಯಲ್ಲಿ 12 ಪೌಂಡ್ ಕೊಟ್ಟು ತೊಗೊಂಡೆ. ‘ಗಾಳಿಗೆ ಬಗ್ಗಲ್ಲ’ ಅಂತ ಚೀಟಿ ಬೇರೆ ಅಂಟಿಸಿದ್ದರು. ಮೂಲೆ ತಿರುಗಿದೆ, ನದಿ ಕಡೆಯಿಂದ ಗಾಳಿ ಒಂದು ಸಲ ಬೀಸಿತು, ಕೊಡೆ ಉಲ್ಟಾ. ಎರಡು ಕಡ್ಡಿ ಮುರಿದವು. ಬಟ್ಟೆ ಒಂದು ಕಡೆ ಹರಿದು ಬಾವುಟದ ಹಾಗೆ ಹಾರುತ್ತಿತ್ತು. ವಾಪಸ್ ಹೋಗಿ ಕೇಳಿದರೆ, ಬಳಸಿದ ಮಾಲನ್ನು ತೊಗೊಳ್ಳುವುದಿಲ್ಲ ಅಂದರು. ಬಳಸದೆ, ಮುರಿಯುತ್ತದೋ ಇಲ್ಲವೋ ಅಂತ ಹೇಗೆ ನೋಡುವುದು? ಅವತ್ತು ನಿಜವಾಗಿ ಸಿಟ್ಟು ಬಂದಿತ್ತು. ಈಗಲೂ ಹೇಳುವಾಗ ಬರುತ್ತಿದೆ. 12 ಪೌಂಡಿಗೆ ನನ್ನ ಎರಡು ದಿನದ ಊಟ ಆಗುತ್ತದೆ. ಮಳೆ ಊರಲ್ಲಿ ಅಂಗಡಿ ಇಟ್ಟುಕೊಂಡವರು ಮಳೆಗೆ ಆಗುವಂಥ ಕೊಡೆ ಮಾರಬೇಕು, ಅಷ್ಟೇ.

ಈ ಜನವರಿ ಗಾಳಿಗೂ ಬರ್ನ್ಸ್‌ಗೂ ಹಳೆಯ ನಂಟು. ಅಲೊವೇ ಹಳ್ಳಿಯ ಮಣ್ಣಿನ ಗೋಡೆಯ ಮನೆಯಲ್ಲಿ ಅವನು ಹುಟ್ಟಿದ್ದು. ಹುಟ್ಟಿ ಕೆಲವೇ ದಿನಕ್ಕೆ ಬಿರುಗಾಳಿ ಎದ್ದು ಆ ಮನೆಯ ಒಂದು ಗೋಡೆ ಕುಸಿಯಿತು. ಬಾಣಂತಿಯನ್ನೂ ಕೂಸನ್ನೂ ಪಕ್ಕದ ಮನೆಗೆ ಸಾಗಿಸಿದರು. ನಾನು ಒಂದು ಬೀದಿ ದಾಟಲು ಇಷ್ಟು ಒದ್ದಾಡಿದೆ. ಹಸಿ ಬಾಣಂತಿ ಆ ಗಾಳಿಯಲ್ಲಿ ಹೇಗೆ ಹೋಗಿರಬೇಕು ಅಂತ ಯೋಚಿಸಿದರೆ ಹೊಟ್ಟೆ ಚುರ್ ಅನ್ನುತ್ತದೆ.

ಕ್ಲಬ್ ವಿಷಯಕ್ಕೆ ಬರುತ್ತೇನೆ, ಈ ಬೀದಿ ಮುಗಿಯುವುದರೊಳಗೆ ಹೇಳಬೇಕು. ಇದನ್ನು ಕಟ್ಟಿದವರು ಬರ್ನ್ಸ್ ಹುಟ್ಟಿದ ಸೀಮೆಯಾದ ಏರ್‌ಷೈರ್‌ನಲ್ಲಿ ಹುಟ್ಟಿ ಇಲ್ಲಿ ವ್ಯಾಪಾರಕ್ಕೆ ಬಂದವರು. ಕೆಲವರಿಗೆ ಬರ್ನ್ಸ್‌ನ ಪರಿಚಯವೂ ಇತ್ತು. ಅವನ ಹುಟ್ಟುಹಬ್ಬದ ಮೊದಲ ಊಟ ಹಾಕಿದ್ದು 1802ರ ಜನವರಿ 29ಕ್ಕೆ. ತಾರೀಖು ತಪ್ಪು! ಇವರ ತಪ್ಪಲ್ಲ. 1800ರಲ್ಲಿ ಜೇಮ್ಸ್ ಕರ್ರಿ ಬರೆದ ಜೀವನಚರಿತ್ರೆಯಲ್ಲೇ 29 ಅಂತ ಅಚ್ಚಾಗಿತ್ತು. ಮುಂದಿನ ವರ್ಷ ಇವರಿಗೆ ಏರ್‌ನ ಚರ್ಚ್ ದಾಖಲೆಯಲ್ಲಿ ನಿಜ ಸಿಕ್ಕಿತು: 1759ರ ಜನವರಿ 25. ಪುಸ್ತಕದಲ್ಲಿ ಇದೆಯಲ್ಲ ಅಂತ ಸುಮ್ನೆ ಇರಬಹುದಿತ್ತು, ಅಲ್ವಾ? ಇರಲಿಲ್ಲ. ಇವತ್ತು ಲೋಕವೆಲ್ಲ 25ಕ್ಕೆ ಬರ್ನ್ಸ್ ಸಪ್ಪರ್, ಅಂದರೆ ಅವನ ನೆನಪಿನ ಊಟ, ಮಾಡುತ್ತದೆ. ನನಗೆ ಈ ಕ್ಲಬ್ ಮೇಲೆ ಪ್ರೀತಿ ಬಂದಿದ್ದು ಇದೊಂದೇ ಕಾರಣಕ್ಕೆ. ಪಕ್ಕದ ಪೇಸ್ಲಿ ಊರಿನ ಕ್ಲಬ್ಬಿನವರು 1805ರಲ್ಲೂ 29ಕ್ಕೇ ಸೇರಿದ್ದರು. ಸುದ್ದಿ ಹರಡಲು ಅಷ್ಟು ಹೊತ್ತು.

ಅದಕ್ಕೂ ಮೊದಲಿನ ಊಟ ಒಂದಿದೆ. 1801ರ ಜುಲೈ 21, ಅವನು ತೀರಿಕೊಂಡ ದಿನ. ಒಂಬತ್ತು ಜನ ಸ್ನೇಹಿತರು ಅವನು ಹುಟ್ಟಿದ ಮನೆಯಲ್ಲೇ ಸೇರಿದರು. ಆಗ ಅದು ಹೆಂಡದಂಗಡಿ ಆಗಿತ್ತು. ಹ್ಯಾಗಿಸ್ ಬಡಿಸಿದರು, ಅಂದರೆ ಕುರಿಯ ಗುಂಡಿಗೆ, ಪಿತ್ತಜನಕಾಂಗ, ಶ್ವಾಸಕೋಶವನ್ನು ಓಟ್ಸ್ ಮತ್ತು ಈರುಳ್ಳಿ ಜೊತೆ ಬೇಯಿಸಿದ್ದು. ಜೊತೆಗೆ ಕುರಿ ತಲೆಯ ಮಾಂಸ. ನೂರಾರು ಜನರ ಸಭೆ ಅಲ್ಲ. ಒಂಬತ್ತು ತಟ್ಟೆ.

ಇದು ಬಂದರಿನ ಕಡೆಯ ಶಾಟ್. ಇಲ್ಲಿ ಒಂದು ಮಾತು ಹೇಳಲೇಬೇಕು. 1786ರಲ್ಲಿ ಬರ್ನ್ಸ್ ಜಮೈಕಾಗೆ ಹೊರಟಿದ್ದ, ಗುಲಾಮರು ದುಡಿಯುವ ತೋಟದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ. ಹಡಗು ಇಲ್ಲಿಂದಲೇ ಹೋಗಬೇಕಿತ್ತು. ಅದೇ ಜುಲೈನಲ್ಲಿ ಕಿಲ್ಮಾರ್ನಕ್‌ನಲ್ಲಿ ಮೊದಲ ಪುಸ್ತಕ ಬಂತು. 612 ಪ್ರತಿ, ಒಂದಕ್ಕೆ 3 ಶಿಲ್ಲಿಂಗ್. ಎಲ್ಲ ಮಾರಾಟವಾಯಿತು, ಪ್ರಯಾಣ ನಿಂತಿತು. ಮನುಷ್ಯರೆಲ್ಲ ಒಂದೇ ಅಂತ ಹಾಡಿದವನು ಆ ಕೆಲಸಕ್ಕೆ ಒಪ್ಪಿದ್ದು ನನಗೆ ಈಗಲೂ ನೋವು. ಬಡತನ ಇತ್ತು, ನಿಜ. ಆದರೂ.

ಬನ್ನಿ, ಸ್ಮಶಾನ ಬಂತು. ಬೆಟ್ಟದ ಮೇಲೆ ಈ ಕಲ್ಲು ಕಾಣುತ್ತಿದೆಯಲ್ಲ, ಮೇರಿ ಕ್ಯಾಂಪ್‌ಬೆಲ್‌ದು. ಬರ್ನ್ಸ್ ಹಾಡಿದ ‘ಹೈಲ್ಯಾಂಡ್ ಮೇರಿ’. 1786ರಲ್ಲಿ ಇದೇ ಊರಲ್ಲಿ ತೀರಿಕೊಂಡಳು. ಕಲ್ಲು ನೆಟ್ಟದ್ದು 1842ರಲ್ಲಿ, ನದಿ ಪಕ್ಕದ ಹಳೆಯ ಚರ್ಚ್ ಅಂಗಳದಲ್ಲಿ. 1920ರಲ್ಲಿ ಹಡಗು ಕಟ್ಟುವ ಯಾರ್ಡ್‌ಗೆ ಜಾಗ ಬೇಕಾಗಿ ಅವಳನ್ನು ಎತ್ತಿ ಇಲ್ಲಿಗೆ ತಂದರು. ಬೆಳಿಗ್ಗೆ ರೈಲಿನಲ್ಲಿ ಓದುವಾಗ, ಸತ್ತವಳನ್ನೂ ನೆಮ್ಮದಿಯಾಗಿ ಬಿಡಲಿಲ್ಲವಲ್ಲ ಅನಿಸಿತ್ತು. ಇಲ್ಲಿ ನಿಂತ ಮೇಲೆ ಮನಸ್ಸು ಬದಲಾಯಿತು. ಮರ ಇದೆ, ಮಳೆ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕಲ್ಲಿನ ಅಂಚಿನಲ್ಲಿ ಹಸಿರು ಪಾಚಿ, ಅದರ ಮೇಲೆ ಒಂದೊಂದೇ ನೀರ ಹನಿ. ಇಲ್ಲೇ ಇರಲಿ.

ಇನ್ನೊಂದು ವಿಷಯ. ಬರ್ನ್ಸ್ ಕ್ಲಬ್‌ಗಳು ಸೇರಿ 1885ರಲ್ಲಿ ಒಂದು ಒಕ್ಕೂಟ ಮಾಡಿಕೊಂಡವು. ಅದರ ಪಟ್ಟಿಯಲ್ಲಿ ಕಿಲ್ಮಾರ್ನಕ್ ಸೊನ್ನೆ, ಲಂಡನ್ ಒಂದು. ತಾಯಿಗೆ ಒಂದನೇ ನಂಬರೂ ಇಲ್ಲ! ಇದು ಸರಿಯಲ್ಲ ಅಂತ ನಾನು ಖಂಡಿತ ಹೇಳುತ್ತೇನೆ.

ಅಯ್ಯೋ, ರೈಲು ಬಂದೇಬಿಟ್ಟಿತು, ಈ ಶಾಟ್ ಇಷ್ಟೇ. ಶನಿವಾರ 25. ಮನೆಗೆ ನಾಲ್ಕು ಜನ ಸ್ನೇಹಿತರು ಬರುತ್ತಾರೆ. ತರಕಾರಿ ಹ್ಯಾಗಿಸ್ ಸಿಗುತ್ತದೆ, ಅದನ್ನೇ ಮಾಡುತ್ತೇನೆ, ಜೊತೆಗೆ ತಿಳಿಸಾರು. ಬಿ.ಎಂ.ಶ್ರೀ ಪುಸ್ತಕ ತರಲು ಒಬ್ಬರಿಗೆ ಹೇಳಿದ್ದೇನೆ. ಬಾಗಿಲು ಮುಚ್ಚುತ್ತಿದೆ, ಸಿಗೋಣ.