ಸಿಗದ ಚೆಂಡಿನ ಹಿಂದೆ

ಕೇಳುಗರಿಗೆಲ್ಲ ನಮಸ್ಕಾರ.

ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದ ಕಣದಲ್ಲಿ ನಾನು ಸಂಜೆ ಹೊತ್ತು ಮಕ್ಕಳಿಗೆ ಫುಟ್‌ಬಾಲ್ ಆಡಿಸುತ್ತೇನೆ. ಕಾಫಿ ಕುಯ್ಲಿನ ಸಮಯದಲ್ಲಿ ಕಣದ ತುಂಬ ಹಣ್ಣು ಹರಡಿರುತ್ತದೆ, ಆಗ ಆಟ ಇಲ್ಲ. ಕಾಫಿ ಒಣಗಿ ಮೂಟೆ ಸೇರಿದ ಮೇಲೆ ಕಣ ಮಕ್ಕಳದ್ದು. ಒಂದು ಕಡೆ ಗೋದಾಮು, ಉಳಿದ ಮೂರು ಕಡೆಯೂ ಗಿಡ. ಚೆಂಡು ಗಿಡದ ಸಾಲು ದಾಟಿತು ಅಂದರೆ ಇಳಿಜಾರಿನಲ್ಲಿ ಉರುಳಿಕೊಂಡು ಹೋಗಿ ತೋಡಿಗೆ ಬೀಳುತ್ತದೆ. ಮಳೆ ಶುರುವಾದ ಮೇಲೆ ಅದನ್ನು ತರಲು ಹೋದವನ ಕಾಲಿಗೆ ಜಿಗಣೆ ಹತ್ತದೆ ಇರುವುದಿಲ್ಲ.

ಚೆಂಡು ಅಂಚಿನ ಕಡೆ ಹೊರಟಿತು ಅಂದ ಕೂಡಲೇ ಹತ್ತರಲ್ಲಿ ಒಂಬತ್ತು ಹುಡುಗರು ನಿಂತುಬಿಡುತ್ತಾರೆ. ಸಿಗೋದಿಲ್ಲ ಅಂತ ಅವರಿಗೆ ಗೊತ್ತು. ಒಬ್ಬ ಮಾತ್ರ ಓಡುತ್ತಾನೆ. ಅವನಿಗೂ ಹೆಚ್ಚಿನ ಸಲ ಸಿಗುವುದಿಲ್ಲ. ಆದರೂ ಓಡುತ್ತಾನೆ. ಆ ಹುಡುಗನನ್ನು ನೋಡುವಾಗೆಲ್ಲ ನನಗೆ ಫುಟ್‌ಬಾಲ್ ಆಟಗಾರ ಸುನಿಲ್ ಛೆಟ್ರಿ ನೆನಪಾಗುತ್ತಾರೆ. ಇವತ್ತಿನ ಮಾತು ಅವರದ್ದೇ. ಅವರು ಎಷ್ಟು ಗೋಲ್ ಹೊಡೆದರು ಅನ್ನುವುದಕ್ಕಿಂತ, ಭಾರತ ತಂಡದಲ್ಲಿ ಅವರ ಜಾಗ ಹೇಗೆ ಗಟ್ಟಿಯಾಯಿತು ಅನ್ನುವುದರ ಬಗ್ಗೆ.

ಕೊಡಗಿನಲ್ಲಿ ಕೂತು ಫುಟ್‌ಬಾಲ್ ಮಾತಾಡ್ತಾರಲ್ಲ ಅಂತ ಕೆಲವರಿಗೆ ಅನ್ನಿಸಬಹುದು. ನಮ್ಮದು ಹಾಕಿಯ ನಾಡು, ನಿಜ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಬಂದವು. ಸೋಮವಾರಪೇಟೆಯ ಎಸ್. ವಿ. ಸುನಿಲ್ ಎರಡು ಒಲಿಂಪಿಕ್ಸ್ ಆಡಿದರು. ಆದರೆ ಒಂದು ವಿಷಯ ಹೇಳಲೇಬೇಕು. 1973ರ ವಿಶ್ವಕಪ್‌ನಲ್ಲಿ ನಮ್ಮ ಹಾಕಿ ತಂಡದ ನಾಯಕರಾಗಿದ್ದ ಎಂ. ಪಿ. ಗಣೇಶ್ ಮೊದಲು ಆಡಿದ್ದು ಫುಟ್‌ಬಾಲ್. ಹಾಕಿ ಕೋಲು ಹಿಡಿದದ್ದು ಸೈನ್ಯಕ್ಕೆ ಸೇರಿದ ಮೇಲೆ. ಸುಂಟಿಕೊಪ್ಪದಲ್ಲಂತೂ ಫುಟ್‌ಬಾಲ್ ಪಂದ್ಯಾವಳಿ ಅಂದರೆ ಇಡೀ ಊರೇ ಮೈದಾನದ ಸುತ್ತ ನಿಂತಿರುತ್ತದೆ. ಈ ಆಟ ನಮಗೆ ಹೊರಗಿನದ್ದಲ್ಲ.

ಸರಿ, ಛೆಟ್ರಿ ವಿಷಯಕ್ಕೆ ಬರುತ್ತೇನೆ.

2005ರ ಜೂನ್ 12. ಪಾಕಿಸ್ತಾನದ ಕ್ವೆಟ್ಟಾ. ಎದುರಾಳಿ ಪಾಕಿಸ್ತಾನ. ಹುಡುಗನಿಗೆ 20 ವರ್ಷ, ದೇಶಕ್ಕೆ ಮೊದಲ ಪಂದ್ಯ. ಅವತ್ತು ಕೈಗೆ ಬಂದ ಜೆರ್ಸಿಗೆ ಸೆಂಟ್ ಹೊಡೆದುಕೊಂಡಿದ್ದೆ ಅಂತ ಅವರು ವರ್ಷಗಳ ನಂತರ ನೆನಪು ಮಾಡಿಕೊಂಡಿದ್ದಾರೆ. ಆ ಮಾತು ಕೇಳಿದಾಗ ನನಗೆ ತುಂಬಾ ಹತ್ತಿರದ್ದು ಅನ್ನಿಸಿತು. ನಮ್ಮ ಮಕ್ಕಳೂ ಹೊಸ ಜೆರ್ಸಿ ಕೊಟ್ಟರೆ ಮೊದಲು ಮೂಗಿಗೆ ಹಿಡಿದು ವಾಸನೆ ನೋಡುತ್ತಾರೆ. ಪಂದ್ಯ 1-1 ಆಯಿತು. ಭಾರತದ ಆ ಒಂದು ಗೋಲ್ ಛೆಟ್ರಿಯದ್ದು.

ಮೊದಲ ಪಂದ್ಯ, ಮೊದಲ ಗೋಲ್. ಇನ್ನೇನು, ಜಾಗ ಸಿಕ್ಕಿತು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಆದರೆ ದೇಶಕ್ಕಾಗಿ ಅವರ ಎರಡನೇ ಗೋಲ್ ಬಂದದ್ದು 2007ರ ಆಗಸ್ಟ್‌ನಲ್ಲಿ, ನೆಹರು ಕಪ್‌ನಲ್ಲಿ ಕಾಂಬೋಡಿಯಾ ಮೇಲೆ. ನಡುವೆ ಎರಡು ವರ್ಷ! ಮುಂದಿನ ಸಾಲಿನಲ್ಲಿ ತಂಡದ ನಾಯಕ ಬೈಚುಂಗ್ ಭುಟಿಯಾ ಇದ್ದರು. ಅಂಥವರು ಇರುವಾಗ ಹೊಸಬನ ಕಡೆ ಯಾರು ನೋಡುತ್ತಾರೆ? ಛೆಟ್ರಿ ಪಂಜಾಬಿನ ಜೆಸಿಟಿ ತಂಡಕ್ಕೆ ಆಡುತ್ತಾ ಇದ್ದರು.

ಈ ಎರಡು ವರ್ಷದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ನಾನು ಮಾತಾಡುತ್ತೇನೆ, ಯಾಕೆಂದರೆ ನನ್ನ ಆಟ ನಿಂತದ್ದು ಅಂಥದ್ದೇ ಜಾಗದಲ್ಲಿ. ಕಾಲೇಜಿನಲ್ಲಿದ್ದಾಗ ಒಂದು ಸಲ ದೊಡ್ಡ ತಂಡಕ್ಕೆ ಆಯ್ಕೆಯಾಗಿದ್ದೆ. ಮೊದಲ ಪಂದ್ಯದಲ್ಲೇ ಗೋಲ್ ಹೊಡೆದೆ. ಅಪ್ಪ ಊರೆಲ್ಲ ಹೇಳಿಕೊಂಡು ಬಂದರು. ಮುಂದಿನ ವರ್ಷ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಯಾಕೆ ಬಿಟ್ಟರು ಅಂತ ಯಾರೂ ಹೇಳಲಿಲ್ಲ. ಸಿಟ್ಟಿಗೆ ಬೂಟನ್ನು ಅಟ್ಟದ ಮೇಲೆ ಹಾಕಿದೆ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಅದಕ್ಕೆ ಬೂಷ್ಟು ಹಿಡಿದು ಚರ್ಮ ಬಿರುಕು ಬಿಟ್ಟಿತ್ತು. ಅವರು ಬಿಟ್ಟದ್ದು ಸರಿಯಲ್ಲ, ಈಗಲೂ ಹಾಗೇ ಅನ್ನುತ್ತೇನೆ. ಆದರೆ ಬೂಟು ಅಟ್ಟಕ್ಕೆ ಹಾಕಿದ್ದು ನಾನೇ.

ಆಮೇಲೆ ಬಂತು 2008. ಏಷ್ಯಾ ಫುಟ್‌ಬಾಲ್ ಒಕ್ಕೂಟದ, ಅಂದರೆ ಎಎಫ್‌ಸಿಯ ಚಾಲೆಂಜ್ ಕಪ್, ಹೈದರಾಬಾದಿನಲ್ಲಿ. ಗೆದ್ದವರಿಗೆ 2011ರ ಏಷ್ಯನ್ ಕಪ್‌ಗೆ ನೇರ ಪ್ರವೇಶ. ಭಾರತ ಕೊನೆಯ ಸಲ ಏಷ್ಯನ್ ಕಪ್ ಆಡಿದ್ದು 1984ರಲ್ಲಿ. ಛೆಟ್ರಿ ಹುಟ್ಟಿದ್ದೂ ಅದೇ ವರ್ಷ.

ಆ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಸುರಿದ ಮಳೆಗೆ ಮೈದಾನ ಕೆಸರಾಯಿತು. ಕೆಸರಿನಲ್ಲಿ ಫುಟ್‌ಬಾಲ್ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚೆಂಡು ನೆಲಕ್ಕೆ ಅಂಟುತ್ತದೆ. ನೀವು ಮೆತ್ತಗೆ ತಳ್ಳಿದ ಪಾಸ್ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ತಿರುಗುವಾಗ ಊರಿದ ಕಾಲು ಜಾರುತ್ತದೆ. ಬೂಟಿಗೆ ಮೆತ್ತಿದ ಮಣ್ಣು ಅರ್ಧ ಗಂಟೆಯಲ್ಲಿ ಕಾಲಿನ ಶಕ್ತಿಯನ್ನೆಲ್ಲ ಹೀರಿಬಿಡುತ್ತದೆ. ಅಂಥ ಆಟದಲ್ಲಿ ಕೊನೆಯ ಹತ್ತು ನಿಮಿಷ ಹೆಚ್ಚಿನವರು ನಡೆಯುತ್ತಿರುತ್ತಾರೆ. ಮ್ಯಾನ್ಮಾರ್ ಎದುರು ಸೆಮಿಫೈನಲ್ ಗೆದ್ದದ್ದು 1-0. ಅದೂ ಪಂದ್ಯ ಮುಗಿಯುತ್ತಾ ಬಂದಾಗ. ಗೋಲ್ ಛೆಟ್ರಿಯದ್ದು.

ಮೈದಾನ ಹಾಳಾದ ಕಾರಣ ಫೈನಲ್ ದೆಹಲಿಗೆ ಹೋಯಿತು. ಆಗಸ್ಟ್ 13ರಂದು ತಜಿಕಿಸ್ತಾನದ ಮೇಲೆ ಭಾರತ 4-1ರಲ್ಲಿ ಗೆದ್ದಿತು. ಮೂರು ಗೋಲ್ ಛೆಟ್ರಿ ಹೊಡೆದರು, ಒಂದು ಭುಟಿಯಾ. 27 ವರ್ಷಗಳ ನಂತರ ಏಷ್ಯನ್ ಕಪ್‌ನಲ್ಲಿ ಆಡುವ ಅವಕಾಶ ಸಿಕ್ಕಿತು. ಜನ ನೆನಪಿಟ್ಟುಕೊಂಡಿರುವುದು ದೆಹಲಿಯ ಹ್ಯಾಟ್ರಿಕ್. ನನ್ನನ್ನು ಕೇಳಿದರೆ, ಅವರ ಜಾಗ ಗಟ್ಟಿಯಾದದ್ದು ಹೈದರಾಬಾದಿನ ಆ ಕೆಸರಿನಲ್ಲಿ.

2011ರ ಜನವರಿಯಲ್ಲಿ ದೋಹಾದಲ್ಲಿ ಏಷ್ಯನ್ ಕಪ್. ಭುಟಿಯಾಗೆ ಗಾಯ. ಭಾರತ ಮೂರೂ ಪಂದ್ಯ ಸೋತಿತು. ಆಸ್ಟ್ರೇಲಿಯಾ, ಬಹ್ರೇನ್, ದಕ್ಷಿಣ ಕೊರಿಯಾ ಸೇರಿ ನಮಗೆ 13 ಗೋಲ್ ಹೊಡೆದವು. ನಾವು ಹೊಡೆದದ್ದು 3, ಅದರಲ್ಲಿ 2 ಛೆಟ್ರಿಯವು. ಅದೇ ವರ್ಷ ಭುಟಿಯಾ ನಿವೃತ್ತಿ ಹೇಳಿದರು. ಹಿರಿಯರೊಬ್ಬರು ಎದ್ದ ಮೇಲೆ ಖಾಲಿಯಾದ ಕುರ್ಚಿಗೆ ನಾಲ್ಕೈದು ಜನ ಕಣ್ಣು ಹಾಕಿರುತ್ತಾರೆ. ಆದರೆ ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಯಾರು ಅನ್ನುವ ಪ್ರಶ್ನೆಯೇ ಉಳಿದಿರಲಿಲ್ಲ. ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ, ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಛೆಟ್ರಿ 7 ಗೋಲ್ ಹೊಡೆದರು. ಮುಂದೆ ನಾಯಕರೂ ಆದರು. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾದಾಗ ಆ ತಂಡ ಸೇರಿದರು, ನಮ್ಮವರೇ ಆಗಿಬಿಟ್ಟರು.

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. 2023ರ ಜೂನ್ 21, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಸ್ಯಾಫ್‌ನಲ್ಲಿ ಭಾರತ, ಪಾಕಿಸ್ತಾನ. ತೋಟದ ಲೈನ್‌ಮನೆಯ ಇಬ್ಬರು ಹುಡುಗರನ್ನು ಕರೆದುಕೊಂಡು ಬೆಳಿಗ್ಗೆ ಕುಶಾಲನಗರದಲ್ಲಿ ಬಸ್ ಹತ್ತಿದ್ದೆ. ಇಬ್ಬರೂ ಬೆಂಗಳೂರು ನೋಡಿದ್ದು ಅದೇ ಮೊದಲು.

ಆಟದ 10ನೇ ನಿಮಿಷ. ಪಾಕಿಸ್ತಾನದ ಆಟಗಾರ ಚೆಂಡನ್ನು ಹಿಂದಕ್ಕೆ ತನ್ನ ಗೋಲ್‌ಕೀಪರ್‌ಗೆ ಕೊಟ್ಟ. ಪ್ರತಿ ಪಂದ್ಯದಲ್ಲೂ ಹತ್ತಾರು ಸಲ ನಡೆಯುವ ವಿಷಯ. ಗೋಲ್‌ಕೀಪರ್ ಅದನ್ನು ದೂರ ಒದೆಯುತ್ತಾನೆ, ಎಲ್ಲರೂ ತಿರುಗಿ ನಡೆಯುತ್ತಾರೆ. ಆದರೆ ಛೆಟ್ರಿ ಅವನ ಕಡೆ ಓಡಿದರು. ಆಗ ಅವರಿಗೆ 38 ವರ್ಷ. ನೂರರಲ್ಲಿ ತೊಂಬತ್ತೊಂಬತ್ತು ಸಲ ಆ ಓಟ ದಂಡ. ಈ ಸಲ ಗೋಲ್‌ಕೀಪರ್‌ಗೆ ಗಡಿಬಿಡಿಯಾಯಿತು, ಚೆಂಡು ಹಿಡಿತ ತಪ್ಪಿತು. ಅಷ್ಟರಲ್ಲಿ ಛೆಟ್ರಿ ಅಲ್ಲೇ ಇದ್ದರು. ಖಾಲಿ ಗೋಲಿಗೆ ಸುಮ್ನೆ ತಳ್ಳಿದರು, ಅಷ್ಟೇ.

ನನ್ನ ಪಕ್ಕದಲ್ಲಿದ್ದ ಹುಡುಗ ಕಿರುಚಲಿಲ್ಲ. ನನ್ನ ಕೈ ಹಿಡಿದು, "ಸಾರ್, ಅವರು ಮುಂಚೇನೇ ಓಡಿದ್ರು" ಅಂದ. ಗೋಲ್ ಆದದ್ದಕ್ಕಿಂತ ಮೊದಲಿನದ್ದನ್ನು ಅವನು ನೋಡಿದ್ದ. ಆ ಮೇಲೆ ಜೋರು ಮಳೆ ಬಂತು. ಛೆಟ್ರಿ ಇನ್ನೆರಡು ಗೋಲ್ ಹೊಡೆದರು, ಎರಡೂ ಪೆನಾಲ್ಟಿ. ಉದಾಂತ ಸಿಂಗ್ ಒಂದು. 4-0. ಮೊದಲ ಗೋಲ್ ಹೊಡೆದದ್ದು ಪಾಕಿಸ್ತಾನದ ಮೇಲೆ, 18 ವರ್ಷದ ನಂತರ ಹ್ಯಾಟ್ರಿಕ್ ಹೊಡೆದದ್ದೂ ಅವರ ಮೇಲೆಯೇ. ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ಒದ್ದೆ ಬಟ್ಟೆಯಲ್ಲೇ ರಾತ್ರಿ ಬಸ್ಸಿಗೆ ಕಾಯುವಾಗ ಆ ಹುಡುಗ ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದ: "ಚೆಂಡು ಸಿಗುತ್ತೆ ಅಂತ ಅವರಿಗೆ ಹೇಗೆ ಗೊತ್ತಾಯ್ತು?" ಗೊತ್ತಿರಲಿಲ್ಲ ಕಣೋ, ಗೊತ್ತಿಲ್ಲದೆಯೇ ಓಡಿದ್ದು ಅಂತ ಹೇಳಿದೆ. ಅವನು ನಂಬಿದ ಹಾಗೆ ಕಾಣಲಿಲ್ಲ.

2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಛೆಟ್ರಿ ವಿದಾಯ ಹೇಳಿದರು. ಅದು 151ನೇ ಪಂದ್ಯ. ಒಟ್ಟು 94 ಗೋಲ್. ಆಗ ಆಡುತ್ತಿದ್ದವರಲ್ಲಿ ದೇಶಕ್ಕಾಗಿ ಅವರಿಗಿಂತ ಜಾಸ್ತಿ ಗೋಲ್ ಹೊಡೆದವರು ರೊನಾಲ್ಡೊ ಮತ್ತು ಮೆಸ್ಸಿ, ಇಬ್ಬರೇ. ಮುಂದಿನ ಮಾರ್ಚ್‌ನಲ್ಲಿ ಮತ್ತೆ ಕರೆ ಬಂತು. 40ನೇ ವಯಸ್ಸಿನಲ್ಲಿ ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ಮೇಲೆ ತಲೆಯಿಂದ 95ನೆಯದನ್ನು ಹೊಡೆದರು. ಅಷ್ಟು ವರ್ಷ ಕಳೆದರೂ ಅವರ ಜಾಗಕ್ಕೆ ಇನ್ನೊಬ್ಬರು ಸಿಗದೆ ಹೋದದ್ದು ನನಗೆ ಸಂಕಟದ ವಿಷಯವೇ. ಇಷ್ಟು ದೊಡ್ಡ ದೇಶದ ತೋಟ, ಗದ್ದೆ, ಗಲ್ಲಿಗಳಲ್ಲಿ ಆಡುವ ಮಕ್ಕಳನ್ನು ಹುಡುಕಿಕೊಂಡು ಬರುವವರು ಸಾಲದು. ನಮ್ಮ ಕಣಕ್ಕೆ ಇವತ್ತಿನವರೆಗೂ ಯಾರೂ ಬಂದಿಲ್ಲ.

ಮೊನ್ನೆ ಸಂಜೆ ಸಣ್ಣ ಮಳೆ ಹನಿಯುತ್ತಿತ್ತು. ಚೆಂಡು ಅಂಚಿನ ಕಡೆ ಹೊರಟಿತು, ಒಂಬತ್ತು ಜನ ನಿಂತರು. ಬೆಂಗಳೂರಿಗೆ ಬಂದಿದ್ದನಲ್ಲ, ಅದೇ ಹುಡುಗ ಓಡಿದ. ಗಿಡದ ಬುಡದಲ್ಲಿ ಜಾರಿ ಬಿದ್ದ, ಬಿದ್ದುಕೊಂಡೇ ಕಾಲು ಚಾಚಿ ಚೆಂಡು ನಿಲ್ಲಿಸಿದ. ಎದ್ದು ತಲೆ ಎತ್ತಿ ಯಾರಿಗೆ ಕೊಡಲಿ ಅಂತ ನೋಡಿದ. ಹತ್ತಿರದಲ್ಲಿ ಯಾರೂ ಇರಲಿಲ್ಲ. ಎಲ್ಲರೂ ನಿಂತಲ್ಲೇ ನಿಂತಿದ್ದರು. ನಾನು ಸೀಟಿಯನ್ನು ಜೇಬಿಗೆ ಹಾಕಿ ಅವನ ಕಡೆ ಓಡಿದೆ.

ನಮಸ್ಕಾರ.