ಸ್ಪೀಕರ್ ಕೆಟ್ಟಿಲ್ಲ: ರಾ ಬ್ಲ್ಯಾಕ್ ಮೆಟಲ್ ಬಗ್ಗೆ ಒಂದಿಷ್ಟು ಮಾತು

ಎಲ್ರಿಗೂ ನಮಸ್ಕಾರ.

ಈಗ ಒಂದು ನಿಮಿಷ ಹಾಡು ಹಾಕಿದ್ನಲ್ಲ, ಕೇಳ್ತಾ ಕೇಳ್ತಾ ಒಂದಿಬ್ರು ಮುಖ ಕಿವುಚಿದ್ರು, ಮುಂದಿನ ಸಾಲಲ್ಲಿರೋ ಸರ್ ಒಬ್ರು ಸ್ಪೀಕರ್ ವೈರ್ ಕಡೆ ತಿರುಗಿ ನೋಡಿದ್ರು. ಸ್ಪೀಕರ್ ಸರಿಯಾಗೇ ಇದೆ, ಆ ಹಾಡು ಇರೋದೇ ಹಾಗೆ. ಇದಕ್ಕೆ ರಾ ಬ್ಲ್ಯಾಕ್ ಮೆಟಲ್ ಅಂತಾರೆ, ಅಂದ್ರೆ ಬೇಕಂತಲೇ ಒರಟಾಗಿ ರೆಕಾರ್ಡ್ ಮಾಡೋ ಒಂದು ಬಗೆಯ ಮೆಟಲ್ ಸಂಗೀತ. ನಾರ್ವೆ ದೇಶದ ಡಾರ್ಕ್‌ಥ್ರೋನ್ ಅನ್ನೋ ಬ್ಯಾಂಡು, 1994ರ ಫೆಬ್ರವರಿಲಿ ಬಂದ ಟ್ರಾನ್ಸಿಲ್ವೇನಿಯನ್ ಹಂಗರ್ ಅನ್ನೋ ಆಲ್ಬಮ್ಮು, ಅದರ ಮೊದಲ್ನೇ ಹಾಡು. ಇವತ್ತು ನಾನು ಮಾತಾಡೋದು ಹೆಚ್ಚುಕಮ್ಮಿ ಈ ಒಂದು ಆಲ್ಬಮ್ಮಿನ ಸುತ್ತಾನೇ, ಯಾಕಂದ್ರೆ ಈ ಸಂಗೀತ ನನ್ನನ್ನ ಯಾಕೆ ಇಷ್ಟು ವರ್ಷ ಹಿಡಿದಿಟ್ಕೊಂಡಿದೆ, ಎಲ್ಲಿ ಬಂದಾಗ ನಾನು ಅದರ ಕೈ ಬಿಡ್ತೀನಿ, ಎರಡಕ್ಕೂ ಉತ್ತರ ಇದರೊಳಗೇ ಇದೆ.

ಮೊದಲು ಇದನ್ನ ಮಾಡಿದ್ದು ಹೇಗೆ ಅಂತ ಹೇಳ್ತೀನಿ. ವಾದ್ಯ ಎಲ್ಲಾ ನುಡಿಸಿದ್ದು ಒಬ್ಬನೇ, ಫೆನ್ರಿಜ್. ಡ್ರಮ್ಸೂ ಅವನೇ, ಗಿಟಾರೂ ಅವನೇ. ದನಿ ಮಾತ್ರ ನಾಕ್ಟರ್ನೋ ಕುಲ್ಟೋದು. ಸ್ಟುಡಿಯೋಗೆ ಹೋಗಿಲ್ಲ, ಫೆನ್ರಿಜ್ ತನ್ನ ಹತ್ರ ಇದ್ದ ಫೋರ್ ಟ್ರ್ಯಾಕ್ ಮಷೀನಲ್ಲೇ ಹಿಡಿದಿಟ್ಟ. ಫೋರ್ ಟ್ರ್ಯಾಕ್ ಅಂದ್ರೆ, ನಮ್ಮ ಮನೆಗಳಲ್ಲಿದ್ದ ಕ್ಯಾಸೆಟ್ಟಿಗೆ ಎ ಸೈಡು ಬಿ ಸೈಡು ಅಂತ ಇರ್ತಿತ್ತಲ್ಲ, ಒಂದೊಂದು ಸೈಡಿಗೆ ಎಡಕ್ಕೊಂದು ಬಲಕ್ಕೊಂದು ಅಂತ ಒಟ್ಟು ನಾಲ್ಕು ಗೆರೆ, ಈ ಥರದ ಮಷೀನುಗಳು ಸಾಮಾನ್ಯವಾಗಿ ಆ ನಾಲ್ಕನ್ನೂ ಒಂದೇ ದಿಕ್ಕಲ್ಲಿ ಬಳಸ್ಕೊಂಡು ಬಿಡ್ತವೆ. ಅಂದ್ರೆ ನಾಲ್ಕು ಮಿಲಿಮೀಟರೂ ಅಗಲ ಇಲ್ಲದ ಟೇಪಿನ ಮೇಲೆ ನಾಲ್ಕು ಕಿರಿದಾದ ಪಟ್ಟಿ, ಅಷ್ಟರಲ್ಲೇ ಡ್ರಮ್ಸ್, ಗಿಟಾರು, ದನಿ ಎಲ್ಲಾ ಹಿಡೀಬೇಕು. ಇಷ್ಟು ಇಕ್ಕಟ್ಟಲ್ಲಿ ಟೇಪಿನ ಸುಯ್ ಅನ್ನೋ ಸದ್ದು ಎದ್ದು ಕೇಳತ್ತೆ, ಬಾಸು ಎಲ್ಲೋ ಅಡಿಗೆ ಹೋಗತ್ತೆ.

ಇವರಿಗೆ ದುಡ್ಡಿರ್ಲಿಲ್ಲ, ನುಡಿಸೋಕೆ ಬರ್ತಿರ್ಲಿಲ್ಲ, ಅದಕ್ಕೇ ಹೀಗಾಯ್ತು ಅಂತ ಬಹಳ ಜನ ಅಂದ್ಕೊಳ್ತಾರೆ, ಅದು ತಪ್ಪು. 1991ರಲ್ಲಿ ಬಂದ ಇವರ ಮೊದಲ ಆಲ್ಬಮ್ಮು ಸೋಲ್‌ಸೈಡ್ ಜರ್ನಿ, ಅದು ಡೆತ್ ಮೆಟಲ್ ಅನ್ನೋ ಇನ್ನೊಂದು ಬಗೆ, ಸ್ಟಾಕ್‌ಹೋಮಿನ ಸನ್‌ಲೈಟ್ ಅನ್ನೋ ಹೆಸರಾಂತ ಸ್ಟುಡಿಯೋದಲ್ಲಿ ಮಾಡಿದ್ದು, ಬಿಗಿಯಾದ ನುಡಿಸಾಣಿಕೆ, ತಾಳ ಹೆಜ್ಜೆಹೆಜ್ಜೆಗೂ ಬದಲಾಗತ್ತೆ. ಅಷ್ಟು ಬರೋರು ಬೇಕಂತಲೇ ಅದನ್ನ ಬಿಟ್ರು. ಎರಡನೇ ಆಲ್ಬಮ್ಮು ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ ಕೈಗೆ ಬಂದಾಗ ಪೀಸ್‌ವಿಲ್ ಅನ್ನೋ ಇಂಗ್ಲೆಂಡಿನ ಕಂಪನಿಯವರು ಇದೇನಪ್ಪ ಅಂತ ಹಿಂದೆಮುಂದೆ ನೋಡಿದ್ರು, ನೀವು ತರದಿದ್ರೆ ನಾವು ನಾರ್ವೆಯ ಮೇಹೆಮ್ ಬ್ಯಾಂಡಿನ ಗಿಟಾರಿಸ್ಟ್ ಯುರಾನಿಮಸ್ ನಡೆಸ್ತಿರೋ ಕಂಪನಿಗೆ ಕೊಡ್ತೀವಿ ಅಂತ ಬ್ಯಾಂಡಿನವರು ಪಟ್ಟು ಹಿಡಿದ್ರು, ಕೊನೆಗೆ 1992ರಲ್ಲಿ ಪೀಸ್‌ವಿಲ್ಲೇ ತಂತು. ಆಲ್ಬಮ್ಮಿಂದ ಆಲ್ಬಮ್ಮಿಗೆ ಒಂದೊಂದೇ ಅಲಂಕಾರ ಕಳಚ್ತಾ ಬಂದು ಟ್ರಾನ್ಸಿಲ್ವೇನಿಯನ್ ಹಂಗರ್ ಹೊತ್ತಿಗೆ ಉಳಿದಿದ್ದು ಒಂದು ಓಟ, ಒಂದು ಗಿಟಾರಿನ ಗುಂಗು, ಅಷ್ಟೇ.

ಇದಕ್ಕೂ ಹಿಂದೆ ಹೋಗ್ಬೇಕಂದ್ರೆ, ಬ್ಲ್ಯಾಕ್ ಮೆಟಲ್ ಅನ್ನೋ ಹೆಸರು ಬಂದಿದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ವೆನಮ್ ಬ್ಯಾಂಡಿನ 1982ರ ಅದೇ ಹೆಸರಿನ ಆಲ್ಬಮ್ಮಿಂದ, ಸದ್ದು ಬಂದಿದ್ದು ಬಹಳಷ್ಟು ಸ್ವೀಡನ್ನಿನ ಬಾಥರಿ ಬ್ಯಾಂಡಿಂದ, ಅದನ್ನ ನಡೆಸ್ತಿದ್ದ ಕ್ವಾರ್ಥನ್ 1984ರಲ್ಲಿ ಮೊದಲ ಆಲ್ಬಮ್ಮು ಮಾಡಿದ್ದು ಸ್ಟಾಕ್‌ಹೋಮಲ್ಲಿ ಸ್ಟುಡಿಯೋ ಮಾಡ್ಕೊಂಡಿದ್ದ ಒಂದು ಗ್ಯಾರೇಜಲ್ಲಿ. ಆಮೇಲೆ ಇದೆಲ್ಲ ಹಬ್ಬಿದ್ದು ಪೋಸ್ಟಲ್ಲಿ. ಕ್ಯಾಸೆಟ್ಟು ಕಾಪಿ ಮಾಡಿ ಕಳಿಸೋದು, ಜೆರಾಕ್ಸ್ ಹೊಡೆದ ಕೈಬರಹದ ಪತ್ರಿಕೆ ಕಳಿಸೋದು, ಸ್ಟಾಂಪಿನ ಮೇಲೆ ತೆಳ್ಳಗೆ ಗೋಂದೋ ಸೋಪೋ ಸವರಿ ಸೀಲು ಒರೆಸ್ಬಿಟ್ಟು ಅದೇ ಸ್ಟಾಂಪು ಮತ್ತೆ ಹಚ್ಚೋದು. ಹೀಗೆ ಕಾಪಿಯ ಕಾಪಿಯ ಕಾಪಿ ಆಗ್ತಾ ಆಗ್ತಾ ಪ್ರತಿ ಸಲ ಮೇಲಿನ ಚೂಪು ಸ್ವರ ಒಂಚೂರು ಸವೆಯತ್ತೆ, ಸುಯ್ ಸದ್ದು ಒಂಚೂರು ಏರತ್ತೆ. ನಿಮ್ಮ ಕೈಗೆ ಬಂದ ಟೇಪು ಎಷ್ಟು ಕೈ ದಾಟಿ ಬಂದಿದೆ ಅಂತ ಕಿವಿಗೇ ಗೊತ್ತಾಗ್ತಿತ್ತು.

ಇಲ್ಲಿ ನನ್ನ ಮನೆ ವಿಷ್ಯ ಒಂದು ಹೇಳ್ಬೇಕು, ಯಾಕಂದ್ರೆ ನನ್ನ ಕಿವಿ ಇದಕ್ಕೆ ಹದ ಆಗಿದ್ದು ನಾರ್ವೆ ಸಂಗೀತದಿಂದ ಅಲ್ಲ. ನಮ್ಮೂರು ಸಾಗರದ ಹತ್ರ. ಅಪ್ಪಯ್ಯನ ಹತ್ರ ತಾಳಮದ್ದಳೆ ಕ್ಯಾಸೆಟ್ಟುಗಳು ಒಂದು ಬಿಸ್ಕತ್ ಡಬ್ಬಿ ತುಂಬಾ ಇದ್ವು, ಯಾರೋ ದೇವಸ್ಥಾನದ ಚಾವಡಿಲಿ ಟೇಪ್ ರೆಕಾರ್ಡರ್ ಇಟ್ಟು ಒತ್ತಿದ್ದು, ಅವರಿಂದ ಇವರು, ಇವರಿಂದ ನಾವು ಅಂತ ಕಾಪಿ ಆಗಿ ಬಂದಿದ್ದು. ಆ ರೆಕಾರ್ಡರುಗಳಲ್ಲಿ ಸದ್ದು ಜಾಸ್ತಿ ಆದ್ರೆ ತಾನೇ ತಗ್ಗಿಸೋ ವ್ಯವಸ್ಥೆ ಇರ್ತಿತ್ತು. ಚಂಡೆ ಬಿದ್ದ ತಕ್ಷಣ ಭಾಗವತರ ದನಿ ಸಮೇತ ಎಲ್ಲಾ ಒಳಗೆ ಸರಿದುಬಿಡೋದು, ಚಂಡೆ ನಿಂತ ಮೇಲೆ ಮೊದಲು ಮಳೆ ಸದ್ದು, ಆಮೇಲೆ ಜೀರುಂಡೆ, ಆಮೇಲೆ ಯಾರದೋ ಕೆಮ್ಮು, ಒಂದೊಂದೇ ನಿಧಾನಕ್ಕೆ ಮೇಲೆ ಬರೋದು. ಅರ್ಥಧಾರಿ ಮಾತು ಅರ್ಧ ಕೇಳೋದೇ ಇಲ್ಲ. ಅಪ್ಪಯ್ಯ ಮಾತ್ರ ಪೂರ್ತಿ ಕೇಳ್ತಿದ್ರು, ಕೇಳದ ಜಾಗನ ಅವರೇ ತುಂಬ್ಕೊಳ್ತಿದ್ರು. ಕಾಲೇಜಲ್ಲಿ ಗೆಳೆಯ ಒಬ್ಬ ಹೆಡ್‌ಫೋನ್ ಕೊಟ್ಟು ಡಾರ್ಕ್‌ಥ್ರೋನ್ ಕೇಳಿಸ್ದಾಗ ನನಗೆ ಗಲಾಟೆ ಅನ್ಸಲೇ ಇಲ್ಲ, ಆ ಡಬ್ಬಿಯ ಕ್ಯಾಸೆಟ್ಟು ಕೇಳೋವಾಗ ಕಿವಿ ಹೇಗೆ ಮುಂದಕ್ಕೆ ಬಾಗ್ತಿತ್ತೋ ಹಾಗೇ ಬಾಗ್ತು. ಎರಡೂ ಒಂದೇ ಅಂತ ಹೇಳ್ತಾ ಇಲ್ಲ. ಅಲ್ಲಿ ಇದ್ದಿದ್ದೇ ಆ ಮಷೀನು, ಬೇರೆ ದಾರಿ ಇರ್ಲಿಲ್ಲ. ಇವರು ಬೇಕಂತ ಆರಿಸ್ಕೊಂಡಿದ್ದು.

ಈ ಕಿವಿ ಬಾಗೋದು ಅಂದ್ನಲ್ಲ, ರಾ ಬ್ಲ್ಯಾಕ್ ಮೆಟಲ್ಲಿನ ಸೆಳೆತ ಪೂರ್ತಿ ಅಲ್ಲೇ ಇದೆ ಅಂತ ನನ್ನ ನಂಬಿಕೆ. ಗಿಟಾರಿನ ಒಂದೇ ತಂತಿನ ಕಡ್ಡಿಲಿ ಮೇಲೆ ಕೆಳಗೆ ಮೇಲೆ ಕೆಳಗೆ ಬಿಡದೆ ಮೀಟ್ತಾರೆ, ಟ್ರೆಮೊಲೊ ಅಂತಾರೆ. ಅಷ್ಟು ವೇಗದಲ್ಲಿ ಒಂದೊಂದು ಪೆಟ್ಟು ಬಿಡಿಯಾಗಿ ಕೇಳಲ್ಲ, ಎಳೆದ ಸ್ವರ ಥರ ಆಗತ್ತೆ, ಹೆಚ್ಚುಕಮ್ಮಿ ಪಿಟೀಲಿನ ಕಮಾನು ಎಳೆದ ಹಾಗೆ. ಅದರ ಮೇಲೆ ಡಿಸ್ಟಾರ್ಷನ್ ಬೇರೆ, ಅಂದ್ರೆ ಗಿಟಾರಿನ ಸದ್ದನ್ನ ಬೇಕಂತ ಒಡೆಯೋ ಹಾಗೆ ಮಾಡೋದು. ಎರಡು ಸ್ವರ ಒಟ್ಟಿಗೆ ಡಿಸ್ಟಾರ್ಷನ್ನಿಗೆ ಬಿದ್ರೆ ಎರಡರಲ್ಲೂ ಇಲ್ಲದ ಮೂರನೇ ಸ್ವರ ಹುಟ್ಟತ್ತೆ, ಇದು ಭ್ರಮೆ ಅಲ್ಲ, ಸದ್ದಿನ ಭೌತಶಾಸ್ತ್ರ. ಭ್ರಮೆ ಶುರು ಆಗೋದು ಅಲ್ಲಿಂದಾಚೆ, ಟೇಪಿನ ಸುಯ್ ಸದ್ದೊಳಗೆ ಯಾರೂ ನುಡಿಸದ ರಾಗ ಒಂದು ಹಿಂದೆಲ್ಲೋ ಹೋಗ್ತಾ ಇದೆ ಅನ್ಸತ್ತೆ. ನಾನು ಹಾಕಿದ ಹಾಡು ಆರು ನಿಮಿಷಕ್ಕೂ ಜಾಸ್ತಿ, ಡ್ರಮ್ಸಿನ ಓಟ ಶುರುವಿಂದ ಕೊನೆವರೆಗೂ ಬದಲಾಗೋದೇ ಇಲ್ಲ ಅನ್ಬೋದು, ಮೊದಲ ಎರಡು ನಿಮಿಷ ಬೇಜಾರು, ಆಮೇಲೆ ಆ ಡ್ರಮ್ಸ್ ಮಳೆ ಥರ ಹಿಂದಕ್ಕೆ ಹೋಗಿ ಗಿಟಾರಿನ ಸಣ್ಣ ಸಣ್ಣ ತಿರುವೇ ದೊಡ್ಡ ಘಟನೆ ಆಗಿಬಿಡತ್ತೆ. ಚೊಕ್ಕ ರೆಕಾರ್ಡಿಂಗಲ್ಲಿ ಎಲ್ಲಾ ಬಡಿಸಿಟ್ಟಿರ್ತಾರೆ. ಇಲ್ಲಿ ನೀವೇ ಕೈ ಹಾಕಿ ತಗೋಬೇಕು.

ಉಲ್ವರ್ ಅನ್ನೋ ಬ್ಯಾಂಡು 1996ರಲ್ಲಿ ಬಹುಪಾಲು ಅಕೂಸ್ಟಿಕ್ ಗಿಟಾರು ಮತ್ತೆ ದನಿಗಳೇ ಇರೋ ಮೆತ್ತಗಿನ ಆಲ್ಬಮ್ಮು ತಂತು, ಮರುವರ್ಷ ನಾಟನ್ಸ್ ಮ್ಯಾಡ್ರಿಗಾಲ್ ಅಂತ ಕಿವಿ ಕೊಯ್ಯೋ ಅಷ್ಟು ರಾ ಆಲ್ಬಮ್ಮು. ಕಾಡಲ್ಲಿ ಹೋಗಿ ರೆಕಾರ್ಡ್ ಮಾಡಿದ್ರಂತೆ, ಸ್ಟುಡಿಯೋ ದುಡ್ಡಲ್ಲಿ ಸೂಟು ಹೊಲಿಸ್ಕೊಂಡ್ರಂತೆ ಅಂತ ಕಥೆ ಹಬ್ಬಿತು, ಅದೆಲ್ಲ ಬರೀ ಕಥೆ. ಆದ್ರೆ ಜನ ಅದನ್ನ ನಂಬಿದ್ರು ಅನ್ನೋದೇ ಈ ಸದ್ದಿಗೆ ಎಂಥ ಶಕ್ತಿ ಇದೆ ಅಂತ ತೋರಿಸತ್ತೆ, ಕೇಳಿದ್ರೆ ಒಂದು ಜಾಗ ಕಣ್ಮುಂದೆ ಬರತ್ತೆ.

ಈಗ ಮಿತಿ ವಿಷ್ಯ.

ಒಂದು, ಸುಯ್ ಸದ್ದು ತಾನಾಗಿ ಏನೂ ಕೊಡಲ್ಲ. ಟ್ರಾನ್ಸಿಲ್ವೇನಿಯನ್ ಹಂಗರ್ ನಿಂತಿರೋದು ಅದರ ರಾಗದ ಮೇಲೆ, ಅದೇ ಗಿಟಾರಿನ ಸಾಲನ್ನ ಕೊಳಲಲ್ಲಿ ನುಡಿಸಿದ್ರೂ ನಿಲ್ಲತ್ತೆ. ಇವತ್ತು ಕಂಪ್ಯೂಟರಲ್ಲಿ ಚೊಕ್ಕವಾಗಿ ರೆಕಾರ್ಡ್ ಮಾಡಿ, ಆಮೇಲೆ ಸಾಫ್ಟ್‌ವೇರಲ್ಲಿ ಟೇಪಿನ ಸದ್ದು ಮೇಲೆ ಸುರಿದು, ಐವತ್ತೇ ಕಾಪಿ ಮಾಡಿ ಮಾರೋ ಬ್ಯಾಂಡುಗಳು ತುಂಬಾ ಇವೆ. ನೂರಾರು ಕೇಳಿದೀನಿ. ಬಹುಪಾಲು ಎರಡನೇ ಸಲಕ್ಕೆ ಬರಲ್ಲ, ಪರದೆ ಎತ್ತಿದ್ರೆ ಹಿಂದೆ ಯಾರೂ ಇಲ್ಲ. ಮತ್ತೆ ಎಲ್ಲರೂ ಹೀಗೇ ಮಾಡ್ಬೇಕು ಅನ್ನೋ ಹಟಾನೂ ಸರಿ ಅಲ್ಲ. ನಾರ್ವೆದೇ ಬ್ಯಾಂಡುಗಳಾದ ಮೇಹೆಮ್, ಎಂಪರರ್ ತಮ್ಮ ಮೊದಲ ಪೂರ್ಣ ಆಲ್ಬಮ್ಮುಗಳನ್ನ ಮಾಡಿದ್ದು ಬರ್ಗೆನ್ ಊರಿನ ಗ್ರೀಗ್‌ಹಾಲೆನ್ನಲ್ಲಿ, ಅದು ಸಂಯೋಜಕ ಗ್ರೀಗ್ ಹೆಸರಿನ ಸಂಗೀತ ಭವನ, ಆ ಆಲ್ಬಮ್ಮುಗಳಲ್ಲಿರೋ ವಿಸ್ತಾರ ಫೋರ್ ಟ್ರ್ಯಾಕಲ್ಲಿ ಬರೋಕೆ ಸಾಧ್ಯಾನೇ ಇಲ್ಲ.

ಇನ್ನೊಂದು ಮಿತಿ ಇದಕ್ಕಿಂತ ಬಹಳ ದೊಡ್ಡದು. ಟ್ರಾನ್ಸಿಲ್ವೇನಿಯನ್ ಹಂಗರ್ ಮೊದಲ ಪ್ರಿಂಟಿನ ಹಿಂಬದಿಲಿ ನಾರ್ವೇಜಿಯನ್ ಭಾಷೆಲಿ ಒಂದು ಸಾಲು ಇತ್ತು, ಅರ್ಥ ನಾರ್ವೆಯ ಆರ್ಯ ಬ್ಲ್ಯಾಕ್ ಮೆಟಲ್ ಅಂತ. ಅದರ ಜೊತೆ ಬ್ಯಾಂಡು ಕೊಟ್ಟ ಹೇಳಿಕೇಲಿ ಯಹೂದಿಗಳ ಬಗ್ಗೆ ಕೀಳು ಮಾತಿತ್ತು, ಕಂಪನಿಯವರು ಬಹಿರಂಗವಾಗಿ ದೂರ ನಿಂತ್ರು, ಆಮೇಲೆ ಬ್ಯಾಂಡು ಕ್ಷಮೆ ಕೇಳ್ತು. ಆಲ್ಬಮ್ಮಲ್ಲಿ ನಾಲ್ಕು ಹಾಡಿನ ಸಾಹಿತ್ಯ ನಾರ್ವೆಯ ಇನ್ನೊಬ್ಬ ಬ್ಲ್ಯಾಕ್ ಮೆಟಲ್ ಸಂಗೀತಗಾರ ವಾರ್ಗ್ ವಿಕರ್ನೆಸ್‌ದು, ಅವನು ಆ ಹೊತ್ತಿಗೆ ಯುರಾನಿಮಸ್‌ನ ಕೊಲೆ ಕೇಸಲ್ಲಿ ಒಳಗಿದ್ದ. 1993ರ ಆಗಸ್ಟ್ 10ಕ್ಕೆ ಕೊಲೆ, 1994ರಲ್ಲಿ 21 ವರ್ಷ ಶಿಕ್ಷೆ, ಆ ಶಿಕ್ಷೆಲಿ ಚರ್ಚು ಸುಟ್ಟಿದ್ದೂ ಸೇರಿತ್ತು. ಆ ಕೊಲೆಗೂ ಒಂದು ವರ್ಷ ಮೊದಲು, 1992ರಲ್ಲಿ, ಎಂಪರರ್ ಡ್ರಮ್ಮರ್ ಲಿಲ್ಲೆಹಾಮರ್ ಊರಲ್ಲಿ ಒಬ್ಬ ಸಲಿಂಗಿ ಮನುಷ್ಯನ್ನ ಕೊಂದಿದ್ದ. 1991ರಲ್ಲಿ ಮೇಹೆಮ್ ಗಾಯಕ, ಸ್ವೀಡನ್ನಿನ ಹುಡುಗ, 22 ವರ್ಷಕ್ಕೇ ಆತ್ಮಹತ್ಯೆ ಮಾಡ್ಕೊಂಡಾಗ ಯುರಾನಿಮಸ್ ಪೊಲೀಸರಿಗೆ ಹೇಳೋ ಮೊದಲು ಹೆಣದ ಫೋಟೋ ತೆಗೆದ, ಮುಂದೆ ಅದೇ ಫೋಟೋ ಒಂದು ಕಳ್ಳ ರೆಕಾರ್ಡಿನ ಕವರ್ ಆಯ್ತು. ಇದನ್ನೆಲ್ಲ ರೋಮಾಂಚನದ ಕಥೆ ಥರ ಹೇಳೋರನ್ನ ನೋಡಿದ್ರೆ ನನಗೆ ಹೊಟ್ಟೆ ತೊಳಸತ್ತೆ. ಸತ್ತವರಿಗೆ ಅಪ್ಪ ಅಮ್ಮ ಇದ್ರು.

ಆರ್ಯ ಅನ್ನೋ ಪದ ನಮ್ಮ ಕಡೆಯದು. ಅದನ್ನ ಇಲ್ಲಿಂದ ಎತ್ಕೊಂಡು ಹೋಗಿ, ಬಣ್ಣ ಬಳಿದು, ನನ್ನಂಥ ಕಪ್ಪು ಮೈಯ ಮನುಷ್ಯ ಒಳಗೆ ಬರಬಾರದು ಅಂತ ಬಾಗಿಲಿಗೆ ಬರೆದಿಟ್ಟ ಹಾಗೆ ಆಯ್ತು. ಅದೇ ಆಲ್ಬಮ್ಮನ್ನ ನಾನು ಪ್ರೀತಿಸ್ತೀನಿ ಅನ್ನೋದು ನನಗೆ ಸುಲಭದ ವಿಷ್ಯ ಅಲ್ಲ, ಅದಕ್ಕೇ ಇವತ್ತು ಇಷ್ಟು ಬಿಡಿಸಿ ಹೇಳ್ತಾ ಇರೋದು.

ಅಂಡರ್‌ಗ್ರೌಂಡ್, ಅಂದ್ರೆ ಹೊರಗಿನ ಕಣ್ಣಿಗೆ ಬೀಳದೆ ನಡೆಯೋ ಈ ಸಂಗೀತ ಲೋಕ, ಇಂಥ ದ್ವೇಷ ಹರಡೋರಿಗೆ ಒಳ್ಳೇ ಮರೆ. ಓದೋಕೆ ಬಾರದ ಬೇರುಬೇರಿನ ಲೋಗೋ, ಸುಳ್ಳು ಹೆಸರು, ಕೇಳದ ಸಾಹಿತ್ಯ, ಬೆರಳೆಣಿಕೆ ಕಾಪಿ. ಪ್ರಶ್ನೆ ಕೇಳೋನೇ ಇರಲ್ಲ. ನಾನೇ ಒಂದ್ಸಲ ಹೊರದೇಶದ ಮಾರಾಟಗಾರರೊಬ್ಬರಿಂದ ಒಂದು ಕ್ಯಾಸೆಟ್ಟು ತರಿಸ್ದೆ, ಆರು ತಿಂಗಳು ರಾತ್ರಿ ರಾತ್ರಿ ಕೇಳ್ದೆ, ಆಮೇಲೆ ಗೊತ್ತಾಯ್ತು ಅದನ್ನ ಮಾಡಿದವರು ನೇರ ನಾಜಿಗಳು ಅಂತ. ಕಸದ ಬುಟ್ಟಿಗೆ ಹಾಕೋಕೆ ಮನಸು ಬರ್ಲಿಲ್ಲ, ಇಟ್ಕೊಳ್ಳೋಕೂ ಆಗ್ಲಿಲ್ಲ. ಕೊನೆಗೆ ಕ್ಯಾಸೆಟ್ಟಿನ ತಲೆ ಮೇಲಿನ ಎರಡು ತೂತಿಗೂ ಸೆಲೋಟೇಪು ಅಂಟಿಸಿ, ಅಪ್ಪಯ್ಯನ ಡಬ್ಬಿಲಿದ್ದ ಒಂದು ತಾಳಮದ್ದಳೆನ ಅದರ ಮೇಲೆ ಕಾಪಿ ಮಾಡ್ದೆ.

ಆದ್ರೆ ಮರೆ ಅಂದ ತಕ್ಷಣ ಕೆಟ್ಟದ್ದು ಅಂತಲೂ ಅಲ್ಲ. ಸೌದಿ ಅರೇಬಿಯಾದ ಅಲ್ ನಮ್ರೂದ್ ಬ್ಯಾಂಡಿನವರು 2008ರಿಂದ ಹೆಸರು ಮುಖ ಎರಡೂ ಮುಚ್ಕೊಂಡೇ ನುಡಿಸ್ತಾ ಇದಾರೆ, ಧರ್ಮದ ಅಧಿಕಾರನ ಪ್ರಶ್ನೆ ಮಾಡೋ ಹಾಡು ಅವು, ಗೊತ್ತಾದ್ರೆ ಜೀವಕ್ಕೇ ಅಪಾಯ. ಕೋಲ್ಕತ್ತಾದ ಹೀದನ್ ಬೀಸ್ಟ್ ಇದೇ ಒರಟು ಸದ್ದಲ್ಲಿ ಕೋಮುಗಲಭೆ ವಿರುದ್ಧ ಕೂಗತ್ತೆ. ನಮ್ಮ ಬೆಂಗಳೂರಿನ ದ್ವೇಷ ಅನ್ನೋ ಹೆಸರಿನ ಬ್ಯಾಂಡು ಡೆತ್ ಮೆಟಲ್ ಆದ್ರೂ ಕನ್ನಡದಲ್ಲಿ ಹಾಡಿ 2014ರಲ್ಲಿ ಸ್ತೂಪ ಅಂತ ಆಲ್ಬಮ್ಮು ತಂತು, ಅದರ ಮಬ್ಬು ಮಬ್ಬು ಸದ್ದಲ್ಲಿ ಕನ್ನಡ ಪದ ಒಂದೊಂದೇ ತಲೆ ಎತ್ತೋದನ್ನ ಕೇಳೋದು ನನಗೆ ಬಹಳ ದೊಡ್ಡ ಖುಷಿ. ಅದಕ್ಕೆ ನಾನೀಗ ಏನ್ ಮಾಡ್ತೀನಿ ಅಂದ್ರೆ, ಹೊಸ ಬ್ಯಾಂಡು ಸಿಕ್ರೆ ಮೊದಲು ಇವರು ಯಾರಿಂದ ಬಚ್ಚಿಟ್ಕೊಂಡಿದಾರೆ ಅಂತ ನೋಡ್ತೀನಿ, ಸರ್ಕಾರದಿಂದಲಾ, ಇಲ್ಲ ತಾವು ದ್ವೇಷ ಮಾಡೋ ಜನರ ಕಣ್ಣಿಂದಲಾ. ದುಡ್ಡು ಕೊಡೋದು ಆಮೇಲೆ.

ಸತ್ತವರ ವಿಷ್ಯ, ಆ ಹಿಂಬದಿ ಸಾಲಿನ ವಿಷ್ಯ ಎಲ್ಲಾ ನಿಮ್ಮ ಮುಂದೆ ಇಟ್ಟಿದೀನಿ. ಈಗ ಆ ಹಾಡನ್ನ ಪೂರ್ತಿ ಹಾಕ್ತೀನಿ, ಆರು ನಿಮಿಷ. ಇಷ್ಟೆಲ್ಲ ತಿಳಿದ ಮೇಲೆ ಕೇಳೋಕೆ ಮನಸಿಲ್ಲ ಅನ್ನೋರು ದಯವಿಟ್ಟು ಸಂಕೋಚ ಇಲ್ದೆ ಎದ್ದು ಹೋಗಿ, ಹೊರಗೆ ಟೀ ರೆಡಿ ಇದೆ, ನನಗೆ ಖಂಡಿತ ಬೇಜಾರಿಲ್ಲ. ಕೂತಿರೋರು ಡ್ರಮ್ಸ್ ಬಿಟ್ಬಿಡಿ, ಗಿಟಾರಿನ ಅಡಿಗೆ ಏನು ಹೋಗ್ತಾ ಇದೆ ಅಂತ ಕಿವಿ ಕೊಡಿ. ಸರ್, ಆ ಲೈಟ್ ಒಂದು ಆಫ್ ಮಾಡ್ತೀರಾ?