ಸಾಹೇಬರು ಬಂದರು, ಏನು ಕೇಳಿದರು?

ಎಲ್ಲರಿಗೂ ನಮಸ್ಕಾರ. ಶನಿವಾರ ಅರ್ಧ ದಿನದ ಸ್ಕೂಲ್ ಮುಗಿಸಿ, ಊಟ ಮಾಡಿದಿರೋ ಇಲ್ಲವೋ, ಈ ಟ್ರಾಫಿಕ್‌ನಲ್ಲಿ ಬಂದಿದ್ದೀರಿ. ಜಾಸ್ತಿ ಹೊತ್ತು ಹಿಡಿಯುವುದಿಲ್ಲ. ಮಾತು ಶಿಕ್ಷಣ ಇಲಾಖೆಯ ನಾಯಕತ್ವದ ಬಗ್ಗೆ.

ನಮ್ಮಲ್ಲಿ ಕಂದಾಯ ಜಿಲ್ಲೆ 31, ಶೈಕ್ಷಣಿಕ ಜಿಲ್ಲೆ 35. ಬೆಂಗಳೂರು ನಗರಕ್ಕೇ ಉತ್ತರ, ದಕ್ಷಿಣ ಅಂತ ಎರಡು. ಜಿಲ್ಲೆಗೆ ಒಬ್ಬ ಡಿಡಿಪಿಐ, ಅಂದರೆ ಉಪನಿರ್ದೇಶಕ; ಕೈಕೆಳಗೆ ಬಿಇಒಗಳು, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳು; ಅವರ ಕೆಳಗೆ ಕ್ಲಸ್ಟರ್ ಅನ್ನುವ ಅಕ್ಕಪಕ್ಕದ ಶಾಲೆಗಳ ಗುಂಪು ನೋಡಿಕೊಳ್ಳುವ ಸಿಆರ್‌ಪಿಗಳು; ಆಮೇಲೆ ಶಾಲೆಯ ಮುಖ್ಯ ಶಿಕ್ಷಕರು, ಎಚ್‌ಎಂ. ಇಷ್ಟು ಮೆಟ್ಟಿಲು ಇಳಿದು ಮಗುವಿನ ಹತ್ತಿರ ಏನು ತಲುಪುತ್ತದೆ?

ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ಆಗ ನಾನು ಬಿಇಒ. ಶಾಲೆಯ ಹೆಸರು ಬೇಡ. ಜೀಪು ಗೇಟಿಗೆ ಬರುವಷ್ಟರಲ್ಲಿ ಟೇಬಲ್ ಮೇಲೆ ಬಿಸಿಯೂಟದ ರಿಜಿಸ್ಟರ್, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ನಡಾವಳಿ ಪುಸ್ತಕ, ಪಕ್ಕದಲ್ಲಿ ಒಂದು ಎಳನೀರು. ಅಕ್ಕಿ ಲೆಕ್ಕದಲ್ಲಿ ಎರಡು ಕೆಜಿ ವ್ಯತ್ಯಾಸ. ಮುಕ್ಕಾಲು ಗಂಟೆ ಅದರ ಬೆನ್ನು ಹತ್ತಿದೆ. ಹೊರಡುವಾಗ ಸುಮ್ನೆ ಮೂರನೇ ಕ್ಲಾಸಿಗೆ ಇಣುಕಿ, ಒಬ್ಬ ಹುಡುಗಿಗೆ "ಓದಮ್ಮ" ಅಂದೆ. ಪಟಪಟ ಅಂತ ಓದಿದಳು. ಪುಟ ತಿರುಗಿಸಲೇ ಇಲ್ಲ, ಮುಂದಿನ ಪುಟದ ಸಾಲುಗಳೂ ಬಂದವು! ಹಲಗೆ ಮೇಲೆ 'ಅರಸ' ಅಂತ ಬರೆದೆ. ಹಲಗೆ ಬಿಟ್ಟು ನನ್ನ ಮುಖ ನೋಡುತ್ತಾ ನಿಂತಳು.

ಆಮೇಲೆ ಏನು ಮಾಡಿದೆ ಗೊತ್ತಾ? ಸಂದರ್ಶನ ಪುಸ್ತಕದಲ್ಲಿ ಅಕ್ಕಿಯ ವಿಷಯ ಬರೆದು ಸಹಿ ಹಾಕಿ ಬಂದೆ. ಮುಂದಿನ ಸಲ ಹೋದಾಗ ಅಕ್ಕಿ ಲೆಕ್ಕ ಒಂದು ಗ್ರಾಂ ತಪ್ಪಿರಲಿಲ್ಲ. ಆ ಹುಡುಗಿ ನಾಲ್ಕನೇ ಕ್ಲಾಸಿಗೆ ಹೋಗಿದ್ದಳು, ಅಷ್ಟೇ.

ನೋಡಿ, ನನ್ನ ನಾಯಕತ್ವ ಚೆನ್ನಾಗಿಯೇ ಕೆಲಸ ಮಾಡಿತ್ತು. ಕೇಳಿದ್ದು ಸಿಕ್ಕಿತು. ಅಧಿಕಾರಿ ಏನು ಕೇಳುತ್ತಾನೋ ಎಚ್‌ಎಂ ಅದನ್ನೇ ತಯಾರು ಮಾಡಿಡುತ್ತಾರೆ. ಅವರ ತಪ್ಪಲ್ಲ.

ಎಸ್‌ಎಸ್‌ಎಲ್‌ಸಿಯಲ್ಲೂ ಇದೇ ಕಥೆ. ಜನವರಿ ಬಂದರೆ ಪಾಸಾಗುವಷ್ಟು ಮಾತ್ರ ಓದಿಸುವ ಪಾಸಿಂಗ್ ಪ್ಯಾಕೇಜ್, ಬೆಳಗಿನ ಜಾವ ಮಕ್ಕಳಿಗೆ ಫೋನ್ ಮಾಡಿ ಎಬ್ಬಿಸುವುದು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಕಣ್ಗಾವಲು, ಬಂತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಉಡುಪಿ ಶೇ. 94, ಯಾದಗಿರಿ ಶೇ. 50.59. ಹತ್ತನೇ ಕ್ಲಾಸಿನಲ್ಲಿ ಫೇಲಾದ ಮಗು ಮೂರನೇ ಕ್ಲಾಸಿನಲ್ಲೇ ಹಿಂದೆ ಬಿದ್ದಿತ್ತು. ಆಗ ಯಾರೂ ಸಭೆ ಕರೆದಿರಲಿಲ್ಲ.

ಯಾದಗಿರಿ ದೂರ ಅಂದುಕೊಳ್ಳಬೇಡಿ. ಅಲ್ಲಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು ಇಲ್ಲೇ ನಿಮ್ಮ ಕ್ಲಸ್ಟರಿನ ಶೆಡ್ಡುಗಳಲ್ಲಿ ಇದ್ದಾರೆ. ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಗೇಟಿನ ಹತ್ತಿರ ನಿಂತಿರುತ್ತಾರೆ. ಹಿಂದಿನ ಶಾಲೆಯ ವರ್ಗಾವಣೆ ಪತ್ರ, ಟಿಸಿ, ಬರುವುದು ತಡವಾಯಿತು ಅಂತ ಸೇರಿಸಿಕೊಳ್ಳದೇ ಇರುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಆದರೂ "ಟಿಸಿ ತಗೊಂಡು ಬಾ" ಅನ್ನುವ ಶಾಲೆಗಳಿವೆ. ಯಾಕೆಂದರೆ ಮೇಲಿನವರು ಕೇಳುವುದು ದಾಖಲೆ ಸರಿ ಇದೆಯಾ ಅಂತ, ಗೇಟಿನ ಹೊರಗೆ ಯಾರಿದ್ದಾರೆ ಅಂತಲ್ಲ.

ನಲಿ-ಕಲಿ ನೆನಪಿಸಿಕೊಳ್ಳಿ, ಚಿಕ್ಕ ಮಕ್ಕಳು ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಕಲಿಕಾ ಕಾರ್ಡುಗಳನ್ನು ತಾವೇ ಕೂತು ಮಾಡಿದರು. ಮೇಲಿನವರು ಅವರಿಗೆ ಅಷ್ಟು ಜಾಗ ಬಿಟ್ಟರು. ಮುಂದೆ ಅದು ರಾಜ್ಯಕ್ಕೆಲ್ಲ ಹರಡಿದಾಗ, ಕಾರ್ಡು ಎಲ್ಲ ಶಾಲೆಗೂ ತಲುಪಿತು. ಆ ಜಾಗ ತಲುಪಿತಾ ಅನ್ನುವುದು ನನ್ನ ಅನುಮಾನ.

ಸೇವೆಯ ಕೊನೆಯ ಎರಡು ವರ್ಷ ನಾನು ಮಾಸಿಕ ಸಭೆಯಲ್ಲಿ ಪರ್ಸೆಂಟೇಜ್ ಕೇಳುವುದು ಬಿಟ್ಟೆ. ಓದಲು ಬಾರದ ಮೂರು ಮಕ್ಕಳ ಹೆಸರು ತನ್ನಿ ಅಂದೆ. ಮೊದಲ ತಿಂಗಳು ಎಲ್ಲರೂ "ನಮ್ಮಲ್ಲಿ ಎಲ್ಲ ಓದುತ್ತಾರೆ ಸಾರ್." ಯಾರಿಗೂ ನೋಟಿಸ್ ಹೋಗಲ್ಲ ಅಂತ ನಂಬಿಕೆ ಬರುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಒಬ್ಬ ಮೇಡಂ ಮೂರಲ್ಲ, ಹನ್ನೊಂದು ಹೆಸರು ತಂದರು. ಚೀಟಿಯ ಹಿಂದೆ ಯಾವ ಮಗು ಯಾವ ಅಕ್ಷರದ ಹತ್ತಿರ ನಿಂತಿದೆ ಅಂತಲೂ ಬರೆದಿದ್ದರು. ಅವತ್ತಿನ ಸಭೆ ಆ ಚೀಟಿಯ ಮೇಲೆಯೇ ನಡೆಯಿತು.

ಈಗ ಪ್ರಶ್ನೆ ಕೇಳಿ. ಬಿಇಒ ಸಾಹೇಬರು ದಯವಿಟ್ಟು ಮೊದಲು ಮಾತಾಡಬೇಡಿ, ಆಮೇಲೆ ಎಚ್‌ಎಂಗಳು ಬಾಯಿ ಬಿಡುವುದಿಲ್ಲ.